ಬರೀ ನೀರು ಕುಡಿದ ಆರು ಇಲಿ

ಬಳ್ಳಾರಿಯ ಒಂದು ಫಾರ್ಮಸಿ ಕಾಲೇಜಿನ ಇಲಿ ಕೋಣೆಯಲ್ಲಿ ಪಕ್ಕೀರಪ್ಪ ಇಪ್ಪತ್ತಾರು ವರ್ಷದಿಂದ ಅಟೆಂಡರ್. ಕುರುಗೋಡಿನಿಂದ ಬಸ್ಸಿನಲ್ಲಿ ನಿಂತೇ ಬಂದು, ಬೋನು ತೊಳೆದು, ಪ್ರಯೋಗಕ್ಕೆ ಇಲಿ ಹಿಡಿದುಕೊಡುವುದು ಅವನ ಕೆಲಸ. ಹಿಡಿಯುವುದೆಂದರೆ ಹುಡುಗಾಟವಲ್ಲ ಮತ್ತೆ! ಬೇರೆಯವರು ಮುಟ್ಟಿದರೆ ಬೆರಳು ಕಚ್ಚುವ ಪ್ರಾಣಿ. ಎಷ್ಟನ್ನು ಹಿಡಿದ, ಕೊನೆಗೆ ಸತ್ತ ಎಷ್ಟನ್ನು ಚೀಲಕ್ಕೆ ಹಾಕಿದ, ದೇವರೇ ಬಲ್ಲ. ಸಾಕಾಗಿತ್ತು ಅವನಿಗೆ, ನಿಜಕ್ಕೂ ಸಾಕಾಗಿಹೋಗಿತ್ತು.

ಈ ವರ್ಷ ಸಿರಿಗೇರಿಯ ಮೌನಿಕಾ ಎಂಬ ವಿದ್ಯಾರ್ಥಿನಿ ಲಕ್ಕಿ ಸೊಪ್ಪಿನ ಸಾರ ತೆಗೆದು ಪರೀಕ್ಷೆಗೆ ತಂದಳು. ಭತ್ತದ ನಾಟಿ ಹಚ್ಚಿ ಹಚ್ಚಿ ಅವಳ ತಾಯಿಯ ಮೊಣಕಾಲು ಬಾತಿದ್ದವು. ಅವರ ಓಣಿಯ ಹೆಂಗಸರೆಲ್ಲ ನೋವಿಗೆ ಲಕ್ಕಿ ಕಟ್ಟುವವರೇ. ಅದರಲ್ಲಿ ಗುಣವಿದೆ ಎಂದು ತೋರಿಸಿದರೆ ಅವಳ ಎರಡು ವರ್ಷದ ಓದು ಸಾರ್ಥಕ. ಇಪ್ಪತ್ನಾಲ್ಕು ಇಲಿಗಳ ಹಿಂಗಾಲಿಗೆ ಬಾವು ಬರುವ ಸೂಜಿ ಚುಚ್ಚಿದರು. ಹದಿನೆಂಟಕ್ಕೆ ಮದ್ದು. ಹೋಲಿಸಿ ನೋಡಲೆಂದು ಉಳಿದ ಆರಕ್ಕೆ ಬರೀ ನೀರು.

ಆ ಆರು ಕಾಲೆಳೆದುಕೊಂಡು ತೆವಳುವುದನ್ನು ನೋಡಿ ಪಕ್ಕೀರಪ್ಪ ಬೋನಿನ ಮುಂದೆ ಕುಕ್ಕರಿಸಿದ. ‘ಅವಕ್ಕ ಮದ್ದೈತಿ, ಇವಕ್ಕ ಯಾರದಾರ?’ ಅಂದುಕೊಂಡ. ಅವನ ಮಂಡಿನೋವಿಗೆಂದು ಹೆಂಡತಿ ಜಡೆಮ್ಮ ಹರಳೆಣ್ಣೆಯಲ್ಲಿ ಸೊಪ್ಪು ಕುದಿಸಿಕೊಟ್ಟ ಬಾಟಲಿ ಚೀಲದಲ್ಲಿತ್ತು. ಮೌನಿಕಾ ಹೊರಟ ಮೇಲೆ ದಿನಾ ಸಂಜೆ ಆರರ ಪಾದಕ್ಕೂ ಮೆತ್ತಗೆ ತಿಕ್ಕಿದ. ಅದೂ ಲಕ್ಕಿ ಸೊಪ್ಪೇ ಕಣ್ರೀ! ಪುಣ್ಯಾತ್ಮನಿಗೆ ಅದು ಹೊಳೆಯಲೇ ಇಲ್ಲ.

ಇಪ್ಪತ್ತೊಂದನೆಯ ದಿನ ಅಳತೆ ನೋಡಿದರೆ ಎಲ್ಲ ಇಲಿಗಳ ಬಾವೂ ಒಂದೇ ಸಮ ಇಳಿದಿತ್ತು.

“ನೀರು ಕುಡಿದವೂ ಅಷ್ಟಽ ಇಳದಾವಲ್ಲ,” ಅಂದರು ಮಾರ್ಗದರ್ಶಕಿ ಅರುಣಾ ಮೇಡಂ. “ಲಕ್ಕಿಯೊಳಗ ಏನೂ ಗುಣ ಇಲ್ಲ ಅಂತ ಬರಿ, ಮೌನಿಕಾ.”

ಹುಡುಗಿ ಬೆಂಚಿನ ಮೇಲೆ ಕೂತು ಬಿಕ್ಕಿದಳು. ಪಕ್ಕೀರಪ್ಪನಿಗೆ ಆಗ ಗೊತ್ತಾಯಿತು, ತಾನೇನು ಮಾಡಿದೆನೆಂದು. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ತೆಪ್ಪಗಿದ್ದರೆ ಯಾರಿಗೂ ತಿಳಿಯದು. ಆದರೆ ಆ ಸುಳ್ಳು ಹುಡುಗಿಯ ಹೆಸರಿನಲ್ಲಿ ಅಚ್ಚಾಗುತ್ತದಲ್ಲ! ಮೇಡಂ ಹೋದ ಮೇಲೆ ಅವಳ ಮುಂದೆ ನಿಂತು ಎಲ್ಲ ಹೇಳಿಬಿಟ್ಟ.

ಬೈಯಲಿ, ಮೇಲಿನವರಿಗೆ ದೂರು ಕೊಡಲಿ ಎಂದು ಕಾದ. ಅವಳು ಬೈಯಲಿಲ್ಲ. ಕಣ್ಣೊರೆಸಿಕೊಂಡು ಅಳತೆ ಬರೆದ ಹಾಳೆಗೆ ಅಡ್ಡಗೆರೆ ಎಳೆದಳು.

“ಹಂಗಾರ ಮೊದಲಿಂದ ಮಾಡಬೇಕು ಪಕ್ಕೀರಣ್ಣ,” ಅಂದಳು. “ಹೊಸಾ ಇಪ್ಪತ್ನಾಕು ಇಲಿ ತರಿಸಬೇಕು.”

ಇದನ್ನು ಅವನು ಎಣಿಸಿರಲಿಲ್ಲ. ಆರಕ್ಕೆ ಮರುಗಲು ಹೋಗಿ ಇಪ್ಪತ್ನಾಲ್ಕರ ಕಾಲಿಗೆ ಬಾವು ತರುವಂತಾಯಿತು. ಅವನ್ನೆಲ್ಲ ಸೂಜಿಗೆ ಹಿಡಿದುಕೊಡಬೇಕಾದವನೂ ಅವನೇ.

“ಅದರಾಗೂ ಆರಕ್ಕ ಬರೀ ನೀರೇನವಾ?”

“ಹೂಂ, ಅಣ್ಣ.”

ಪಕ್ಕೀರಪ್ಪ ಕೋಣೆಯ ಕೀಲಿಯನ್ನು ಅವಳ ಮುಂದಿಟ್ಟ.

“ದಿನಾ ಸಂಜಿಗೆ ನನ್ನ ಹೊರಗ ಕಳಿಸಿ ನೀನಽ ಬೀಗ ಹಾಕ್ಕೊಂಡು ಹೋಗು ತಾಯಿ. ನನಗ ನನ್ನ ಮ್ಯಾಲೆ ನಂಬಿಕಿ ಇಲ್ಲ.”