ಅಕ್ಕನಿಗೆ ಬೇಕಾದ ಕೊಬ್ಬು

ಇವತ್ತು ಚಾಮರಾಜಪೇಟೆಯ ಅಕ್ಕನ ಮನೆ ಮೆಟ್ಟಿಲು ಹತ್ತುವಾಗ ಲೋಳೆಸರದ ಮುಳ್ಳು ಪ್ಯಾಂಟಿಗೆ ಸಿಕ್ಕಿಕೊಂಡಿತು. ಮೆಟ್ಟಿಲಿಗೊಂದರಂತೆ ಹನ್ನೊಂದು ಕುಂಡಗಳಿವೆ. ಅಕ್ಕ ಒಂದನ್ನೂ ಕೊಂಡವಳಲ್ಲ.

ಕೆಲವು ವರ್ಷಗಳ ಹಿಂದೆ ಎದೆಯ ಕ್ಯಾನ್ಸರಿಗೆಂದು ಅವಳಿಗೆ ರೇಡಿಯೇಶನ್ ಕೊಟ್ಟರು. ಕಾಯಿಲೆ ಹೋಯಿತು. ಕಂಕುಳ ಸುತ್ತಿನ ಚರ್ಮ ಮಾತ್ರ ಕಪ್ಪಾಗಿ, ಬರುಬರುತ್ತಾ ಒಣಗಿದ ಹಪ್ಪಳದ ಹಾಗೆ ಬಿಗಿದುಕೊಂಡಿತು. ಬಲಗೈ ಭುಜಕ್ಕಿಂತ ಮೇಲೆ ಏಳದಾಯಿತು. ಜಡೆ ಹಾಕಿಕೊಳ್ಳಲಾಗದೆ, ಇನ್ನೊಬ್ಬರ ಕೈಗೆ ಬಾಚಣಿಗೆ ಕೊಡಲೂ ಒಪ್ಪದೆ, ಕೂದಲನ್ನೇ ಕತ್ತರಿಸಿಕೊಂಡಳು. ಅವತ್ತು ನಾನು ಬಚ್ಚಲಿಗೆ ಹೋಗಿ ಅತ್ತುಬಂದೆ.

ನಮ್ಮ ಪೇಟೆಯಲ್ಲಿ ಕಾಯಿಲೆ ಗುಟ್ಟಾಗಿ ಉಳಿಯುವುದುಂಟೇ, ನೀವೇ ಹೇಳಿ. ನೆರೆಹೊರೆಯವರು ಲೋಳೆಸರ ತಂದರು, ಅರಿಶಿನ ತಂದರು, ಜೇನು ತಂದರು. ಎಲ್ಲವನ್ನೂ ಹಚ್ಚಿಸಿಕೊಂಡು ಕೂತ ಅಕ್ಕ, "ಇನ್ನು ದ್ರಾಕ್ಷಿ ಗೋಡಂಬಿ ಹಾಕಿದ್ರೆ ನನ್ನನ್ನೇ ನೈವೇದ್ಯಕ್ಕಿಡಬಹುದು" ಎಂದಳು.

ಆಸ್ಪತ್ರೆಯಲ್ಲಿ ಇದನ್ನೆಲ್ಲ ಕೇಳಿದ ಡಾಕ್ಟರು ಬೈಯಲಿಲ್ಲ. "ತಂಪಾಗಿರುತ್ತೆ, ಅಷ್ಟೆ. ಒಳಗಿನ ಬಿಗಿ ಇದಕ್ಕೆಲ್ಲ ಬಿಡಲ್ಲ. ಹೊಟ್ಟೆಯ ಕೊಬ್ಬು ತೆಗೆದು, ಅದರಲ್ಲಿರೋ ಜೀವಕೋಶಗಳ ಸಮೇತ ಆ ಚರ್ಮದಡಿಗೆ ಚುಚ್ಚಿ ಕೊಡೋ ಚಿಕಿತ್ಸೆ ಒಂದಿದೆ. ಕೆಲವರಿಗೆ ಸಡಿಲ ಆಗುತ್ತೆ, ಗ್ಯಾರಂಟಿ ಇಲ್ಲ. ಆದ್ರೆ ಇವರ ಹತ್ರ ಕೊಬ್ಬೆಲ್ಲಿದೆ?"

ಅಕ್ಕ ಮೊದಲಿಂದಲೂ ಕಡ್ಡಿ ಪೈಲ್ವಾನ್. ನಾನೋ, ಗಾಂಧಿಬಜಾರಿನ ಅರ್ಧ ಬೆಣ್ಣೆಯನ್ನು ಸೊಂಟದಲ್ಲಿ ಹೊತ್ತು ತಿರುಗುವವನು. ಎದ್ದು ನಿಂತು ಶರ್ಟು ಎತ್ತಿದೆ.

"ನಂದು ತಗೊಳ್ಳಿ ಡಾಕ್ಟ್ರೇ. ಎಷ್ಟು ಬೇಕೋ ಅಷ್ಟು."

"ಅವರದ್ದೇ ಆಗ್ಬೇಕು ಸ್ವಾಮಿ. ಶರ್ಟ್ ಇಳಿಸಿ."

ಜನ್ಮದಲ್ಲಿ ಮೊದಲ ಸಲ ಈ ಹೊಟ್ಟೆಯಿಂದ ಒಂದು ಉಪಕಾರವಾದೀತೆಂದು ಉಬ್ಬಿದ್ದೆ. ನಿಜಕ್ಕೂ ಬೇಜಾರಾಯಿತು.

ಸುದ್ದಿ ಹಬ್ಬಿತು. ಲೋಳೆಸರ ತಂದವರೇ ಈಗ ತುಪ್ಪದ ಡಬ್ಬಿ ಹಿಡಿದು ಬಂದರು. ಒಬ್ಬಟ್ಟು, ಮೈಸೂರು ಪಾಕು, ಸಜ್ಜಪ್ಪ. ಒಬ್ಬಳೇ ತಿನ್ನಲು ಅಕ್ಕನಿಗೆ ಸಂಕೋಚವೆಂದು ನಾನು ಜೊತೆಗೆ ಕೂರುತ್ತಿದ್ದೆ. ಆರು ತಿಂಗಳಲ್ಲಿ ಅವಳು ನಾಲ್ಕು ಕೆಜಿ ಏರಿದಳು, ನಾನು ಒಂಬತ್ತು. ನಾಲ್ಕು ಸಾಕು ಎಂದರು ಡಾಕ್ಟರು.

ಎರಡು ಸಲ ಕೊಬ್ಬು ತೆಗೆದು ಕೊಟ್ಟದ್ದಾಯಿತು. ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಕೈಯೂರಿ ವ್ಯಾಯಾಮ. ಹೇಗಿದೆ ಎಂದು ಕೇಳಿದರೆ "ಇದೆ" ಎನ್ನುತ್ತಿದ್ದಳು, ಅಷ್ಟೇ. ಕೇಳುವುದಕ್ಕೇ ಭಯವಾಗಿ ಬಿಟ್ಟುಬಿಟ್ಟಿದ್ದೆ.

ಇವತ್ತು ಅಡುಗೆಮನೆಯಲ್ಲಿ ನಿಂತು, ಅವಳ ತಟ್ಟೆಯಿಂದ ನಾಲ್ಕನೇ ಕೋಡುಬಳೆ ಎತ್ತಿದೆ.

"ಹೊಟ್ಟೆಬಾಕ, ನಂಗೆ ಅಂತ ಕೊಟ್ಟಿದ್ದನ್ನೂ ನೀನೇ ಮುಕ್ತೀಯಲ್ಲೋ" ಎಂದವಳೇ ಬಲಗೈ ಎತ್ತಿ ನನ್ನ ನೆತ್ತಿಗೆ ಮೊಟಕಿದಳು.

ನಾನು ಅವಳಿಗಿಂತ ಒಂದು ಗೇಣು ಎತ್ತರ. ಕೈ ನನ್ನ ತಲೆಯ ಮೇಲೆಯೇ ನಿಂತಿತು. ಅವಳು ಅದನ್ನೇ ನೋಡಿದಳು, ನಾನೂ ನೋಡಿದೆ.

"ಇನ್ನೊಂದು ಮೊಟಕೇ ಅಕ್ಕ" ಎಂದೆ. ತಲೆ ಬಗ್ಗಿಸಲಿಲ್ಲ, ನೆಟ್ಟಗೆ ನಿಂತುಕೊಂಡೆ.