ಬೇಗೂರಿನಿಂದ ಬಂದವನು

ಒಣಗಲು ಕಟ್ಟಿದ ಹೊಗೆಸೊಪ್ಪಿನ ಘಾಟು ಎಲ್ಲೇ ಮೂಗಿಗೆ ಬಡಿಯಲಿ, ಹಾರನಹಳ್ಳಿಯ ನಮ್ಮ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಈಗ ಆ ಮನೆಯೂ ಇಲ್ಲ, ಅದರ ಜನರೂ ಇಲ್ಲ. ಐವತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಲಂಗ ಉಡುತ್ತಿದ್ದ ಹುಡುಗಿ. ಚಿಕ್ಕಪ್ಪ ಶಿವಣ್ಣ ನನಗೆ ನೆನಪು ಮೂಡುವ ಮೊದಲೇ ಪಟಾಲಮ್ಮು ಸೇರಿ ಸಿಂಗಾಪುರಕ್ಕೆ ಹೋಗಿ ಜಪಾನಿನವರ ಸೆರೆಗೆ ಸಿಕ್ಕಿದ್ದ. ಸೆರೆಯಲ್ಲೇ ತೀರಿಕೊಂಡನೆಂದು ಸರ್ಕಾರ ತಿಳಿಸಿದರೂ ಅಜ್ಜಿ ನಂಬಿರಲಿಲ್ಲ. ಕಣ್ಣಾರೆ ಕಾಣದೆ ಸೊಸೆಯ ಬಳೆ ಒಡೆಸುವುದಿಲ್ಲವೆಂದು ಹಟ ಹಿಡಿದಿದ್ದಳು. ಚಿಕ್ಕಮ್ಮ ಕುಂಕುಮ ಇಟ್ಟುಕೊಂಡೇ ಇದ್ದಳು. ಊರವರು ಅವಳ ಹಣೆಯನ್ನು ಒಂದು ಥರಾ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಎನ್. ಬೇಗೂರಿನಿಂದ ಜವರಯ್ಯ ಎಂಬುವನು ಬಂದ. ಚಿಕ್ಕಪ್ಪನ ಜೊತೆ ಸೆರೆಯಲ್ಲಿದ್ದೆ ಎಂದ. ಅಜ್ಜಿ ನೀರು ಕೊಡಿಸಿದಳು, ಚಾಪೆ ಹಾಸಿಸಲಿಲ್ಲ. ಚಿಕ್ಕಪ್ಪನ ಪಾಲಿನ ಜಮೀನಿನ ಮೇಲೆ ಕಣ್ಣಿಟ್ಟವರು ಯಾರೋ ಇವನನ್ನು ಕಳಿಸಿದ್ದಾರೆಂದು ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಯುದ್ಧ ಮುಗ್ದು ಎಷ್ಟು ವರ್ಸಾಯ್ತು! ಇಲ್ಲೀಗಂಟ ಎಲ್ಲಿದ್ದೆ?" ಅಜ್ಜಿ ಕೇಳಿದಳು.

"ಬಂದು ಯೇಳಾಕೆ ಧೈರ್ಯ ಸಾಲ್ನಿಲ್ಲ ಕಣವ್ವ."

"ನನ್ ಮಗ ಎಂಗಿದ್ದ, ಯೇಳು ನೋಡಾನ."

"ಸಣಕ್ಲು ಆಳು."

ಅಜ್ಜಿಯ ಮುಖ ಅರಳಿತು. "ಸುಳ್ಳು! ರಾಗಿ ಮೂಟೆ ಒಬ್ನೇ ಎತ್ತಿ ಗಾಡಿಗೆ ಆಕೋನು ನನ್ ಮಗ."

ಜವರಯ್ಯ ತಲೆ ತಗ್ಗಿಸಿದ. "ಇಲ್ಲಿಂದ ಓಗೋವಾಗ ಅಂಗೇ ಇದ್ದದ್ದು ಕಣವ್ವ. ಕೊನೆಗೆ ನಾನೊಬ್ನೇ ಎತ್ಕಂಡೆ, ಮಗೀನಂಗೆ."

ಆಮೇಲೆ ಅಜ್ಜಿ, "ಸುಟ್ರಾ?" ಎಂದಳು. ನಮ್ಮಲ್ಲಿ ಸುಡುವುದಿಲ್ಲ. ಇಲ್ಲಿಯಾದರೂ ಅವನು ತಪ್ಪು ಹೇಳಲಿ ಎಂಬ ಆಸೆ ಅವಳ ದನಿಯಲ್ಲಿತ್ತು.

"ಇಲ್ಲವ್ವ. ಸತ್ತೋರ್ನೆಲ್ಲಾ ಒಂದೇ ಗುಂಡಿಗೆ ಆಕೋರು. ನನ್ನ ಅಂಗೆ ಮಾಡ್ಬ್ಯಾಡ ಅಂತ ಶಿವಣ್ಣ ಮೊದ್ಲೇ ಯೇಳಿದ್ದ. ಬ್ಯಾರೆ ಗುಂಡಿ ತೋಡಿ ಕೂರಿಸ್ದೆ. ಎಡಗೈಲಿ ಲಿಂಗ ಮಡಗಿ ಮಣ್ಣು ಮುಚ್ದೆ."

ಬಾಗಿಲ ಹಿಂದಿದ್ದ ಚಿಕ್ಕಮ್ಮ ಹೊರಗೆ ಬಂದು ಚಾಪೆ ಹಾಸಿದಳು. "ಕೂತ್ಕಳಿ ಅಣ್ಣ. ಉಂಡ್ಕಂಡು ಓಗಿ," ಎಂದಳು. ಅವನು ಮುದ್ದೆ ಮುರಿಯುವಾಗ ಅವಳು ಕೇಳಿದ್ದು ಒಂದೇ ಮಾತು: "ಆ ಜಾಗ್ದಲ್ಲಿ ನೆಳ್ಳಿತ್ತಾ?"

"ಇತ್ತು ಕಣವ್ವ. ರಬ್ಬರ್ ಮರದ್ದು."

ಸಂಜೆ ಅವಳು ಯಾರನ್ನೂ ಕೇಳದೆ ಹಿತ್ತಲಿಗೆ ಹೋಗಿ ಹಣೆ ತೊಳೆದುಕೊಂಡಳು. ಅವನು ಸುಳ್ಳುಗಾರನಾಗಿರಲಿ ಎಂದೇ ನಾವೆಲ್ಲ ಅಷ್ಟು ಅನುಮಾನಪಟ್ಟಿದ್ದೆವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಜ್ಜಿಗೆ ಮಾತ್ರ ಸಾಯುವವರೆಗೂ ಅವನ ಮೇಲೆ ಕೋಪ ಇಳಿಯಲಿಲ್ಲ. ಸುಮ್ಮನೆ ಕೂತಿದ್ದವಳು ಇದ್ದಕ್ಕಿದ್ದಂತೆ ಗೊಣಗುತ್ತಿದ್ದಳು: "ನಾ ಕಾಣೆ ಅಂತ ಒಂದ್ ಸುಳ್ಳು ಯೇಳ್ಬಾರ್ದಾಗಿತ್ತಾ, ಅವ್ನು?"