ಮೂರನೆಯ ಕೊಟೇಶನ್

ಸೈಕಲ್ ಗಂಟೆ ತಯಾರಿಸುವ ಕಾರ್ಖಾನೆಯ ನೌಕರನ ಸೈಕಲ್ಲಿಗೆ ಒಳ್ಳೆಯ ಗಂಟೆ ಇರುವುದಿಲ್ಲವೆಂಬುದು ನಾನು ಸ್ವಾನುಭವದಿಂದ ಕಂಡುಕೊಂಡ ಸತ್ಯ. ಎಂಬತ್ತರ ದಶಕದಲ್ಲಿ ರಾಜಾಜಿನಗರದ ಅಂಥದೊಂದು ಸಣ್ಣ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾನು ಗುಮಾಸ್ತನಾಗಿದ್ದೆ. ಅಂಚು ಸೀಳಿ ತಿರಸ್ಕೃತವಾದ ಗಂಟೆಗಳನ್ನು ನಮಗೆ ಪುಕ್ಕಟೆ ದಯಪಾಲಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಕೆಮ್ಮಿದಂತೆ ‘ಟಕ್’ ಎನ್ನುತ್ತಿತ್ತು. ಹೊಸಹಳ್ಳಿಯ ದಾರಿಯಲ್ಲಿ ಎಮ್ಮೆಗಳೂ ಅದಕ್ಕೆ ಕಿವಿಗೊಡದೆ ಇದ್ದುದರಿಂದ, ‘ಸ್ವಲ್ಪ ಪಕ್ಕಕ್ಕೆ ಸ್ವಾಮಿ’ ಎಂದು ಬಾಯಿಯಿಂದಲೇ ಗಂಟೆ ಬಾರಿಸುತ್ತ ಮನೆ ಸೇರುತ್ತಿದ್ದೆ.

ಈ ಸೀಳುವ ರೋಗಕ್ಕೆ ಮದ್ದು ಹುಡುಕಲೆಂದು ಒಂದು ಸೋಮವಾರ ನಾವು ಮೂವರು ಸೇರಿದ್ದೆವು: ದಾವಣಗೆರೆ ಕಡೆಯವರಾದ ಸಾಹುಕಾರ ಶಿವಲಿಂಗಪ್ಪನವರು, ಹೇರೋಹಳ್ಳಿಯಿಂದ ಬರುತ್ತಿದ್ದ ಪ್ರೆಸ್ ವಿಭಾಗದ ಮೇಸ್ತ್ರಿ ಮುನಿಯಪ್ಪನವರು, ಮತ್ತು ಕಡತ ಹಿಡಿದ ನಾನು. ತಗಡನ್ನು ಒತ್ತಿ ಗಂಟೆಯ ಬಟ್ಟಲಾಗಿಸುವ ಹೊಸ ವಿದ್ಯೆಯನ್ನು ಎಲ್ಲಿಂದ ತರುವುದೆಂಬುದು ಪ್ರಶ್ನೆ. ಜರ್ಮನಿಯಿಂದ ಯಂತ್ರದ ದರ ತಿಳಿಸುವ ಒಂದು ಪತ್ರ ಬಂದಿತ್ತು. ಅದರ ಕಾಗದ ಎಷ್ಟು ನುಣುಪೆಂದರೆ, ರಂಧ್ರ ಕೊರೆದು ಕಡತಕ್ಕೆ ಪೋಣಿಸಲು ನನಗೆ ಮನಸ್ಸು ಬಂದಿರಲಿಲ್ಲ. ಇನ್ನೊಂದು ಲುಧಿಯಾನದ್ದು. ಯಾವ ಯಂತ್ರ ಬಂದರೂ ಅದನ್ನು ನಡೆಸಲು ತರಬೇತಾದ ಇಬ್ಬರು ಹೊಸಬರು ಸಾಕು; ಮುನಿಯಪ್ಪನವರೂ ಅವರ ಕೈಕೆಳಗಿನ ಐವರೂ ಮನೆಗೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆದರೆ ಚಹಾಪುಡಿ ಕೊಳ್ಳುವುದಕ್ಕೂ ಮೂರು ಕೊಟೇಶನ್ ಬೇಕೆಂಬುದು ನಮ್ಮಲ್ಲಿ ಹಿರಿಯ ಸಾಹುಕಾರರ ಕಾಲದ ಕಟ್ಟಳೆ. ನನ್ನ ಪಟ್ಟಿಯ ಮೂರನೆಯ ಅಂಕಣ ಖಾಲಿಯಿತ್ತು.

“ನೀವೇ ಒಂದ್ ಬರ್ದು ಕೊಟ್ಬಿಡ್ರಿ ಮುನಿಯಪ್ನೋರೆ, ಲೆಕ್ಕಕ್ಕ ಮೂರಾಗ್ಲಿ,” ಎಂದು ಸಾಹುಕಾರರು ನಕ್ಕರು.

ಮುನಿಯಪ್ಪನವರು ನಗಲಿಲ್ಲ. “ಒಂದ್ ವಾರ ಟೈಮ್ ಕೊಡಿ ಸಾಮಿ.”

ಹೊರಬಂದ ಮೇಲೆ ನಾನು ಮಹಾ ಲೋಕಜ್ಞನಂತೆ ಉಪದೇಶಿಸಿದೆ: “ಅದು ಬರೀ ಶಾಸ್ತ್ರಕ್ಕೆ ಮುನಿಯಪ್ಪಣ್ಣ. ಎರಡು ಸಾಲು ಗೀಚಿಕೊಡಿ, ಸಾಕು.”

“ಕೇಳವ್ರಲ್ಲ ಮೂರ್ತಿಗಳೇ. ಹದಿನೆಂಟ್ ವರ್ಷಕ್ಕೆ ಇವತ್ತು ಕೇಳವ್ರೆ.”

ನೋಡಿ, ಕಂಪನಿಗಳು ತಂತ್ರಜ್ಞಾನ ಆರಿಸುವ ವಿಧಾನ ನಮ್ಮ ಮನೆಗಳ ವರಾನ್ವೇಷಣೆಗಿಂತ ಬಹಳ ಭಿನ್ನವೇನಲ್ಲ. ದೂರದ ಊರಿನ ಜಾತಕಗಳನ್ನೆಲ್ಲ ತರಿಸಿ, ಫೋಟೋಗಳಿಗೆ ಮರುಳಾಗಿ, ಪಕ್ಕದ ಬೀದಿಯ ಸೋದರತ್ತೆಯ ಮಗನನ್ನು ಚಪ್ಪರ ಹಾಕಲು ಮಾತ್ರ ಕರೆಯುತ್ತೇವೆ. ದೂರದ ವರ ಕೆಟ್ಟವನೆಂದಲ್ಲ. ಹತ್ತಿರದವನನ್ನು ನಾವು ನೋಡಿಯೇ ಇರುವುದಿಲ್ಲ, ಅಷ್ಟೆ.

ವಾರದ ಬಳಿಕ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿನ ಮೇಲೆ, ಎಣ್ಣೆಯ ಹೆಬ್ಬೆಟ್ಟಿನ ಗುರುತಿನೊಂದಿಗೆ, ಪೆನ್ಸಿಲ್ಲಿನ ನಕ್ಷೆಯೊಂದು ನನ್ನ ಮೇಜಿಗೆ ಬಂತು. ಬೆಲೆ ಬರೆದಿರಲಿಲ್ಲ. ಹೊಸ ಯಂತ್ರವೂ ಇರಲಿಲ್ಲ. ಹಳೆಯ ಪ್ರೆಸ್ಸಿನಲ್ಲೇ ಒಂದು ಏಟಿನ ಬದಲು ಎರಡು ಏಟು, ನಡುವೆ ತಗಡನ್ನೊಮ್ಮೆ ಕಾಯಿಸಿ ಆರಿಸುವುದು, ಅಚ್ಚಿನ ಬಾಯಿ ತುಸು ದುಂಡಗೆ, ಸವರಲು ಹರಳೆಣ್ಣೆ.

“ಒಂದೇ ಸಲ ಜಗ್ಗಿದ್ರೆ ತಗಡು ಸೀಳ್ದೆ ಇನ್ನೇನ್ ಮಾಡ್ತದೆ ಸಾಮಿ? ಅದಕ್ಕೂ ಉಸ್ರಾಡಾಕೆ ಬಿಡ್ಬೇಕು,” ಎಂದರು ಮುನಿಯಪ್ಪನವರು, ನಾನು ನಕ್ಷೆಯನ್ನು ಸಾಹುಕಾರರ ಮುಂದೆ ಹರಡಿದಾಗ.

ಸಾಹುಕಾರರು ಪ್ರೆಸ್ಸಿನ ಎದುರು ಸ್ಟೂಲು ಹಾಕಿಸಿಕೊಂಡು ಕುಳಿತರು. ನೂರು ಬಟ್ಟಲು ಒತ್ತುವುದೆಂದಾಯಿತು. ಒಡೆದದ್ದಕ್ಕೆ ಗೀಟು ಹಾಕುವ ಕೆಲಸ ನನ್ನದು. ಮುನಿಯಪ್ಪನವರ ಕೈಕೆಳಗಿನ ಆ ಐವರ ದೃಷ್ಟಿಯೆಲ್ಲ ನನ್ನ ಪೆನ್ಸಿಲ್ಲಿನ ಮೊನೆಯಲ್ಲಿತ್ತು. ಮೊದಲೆಲ್ಲ ನೂರಕ್ಕೆ ಮೂವತ್ತು ಸೀಳುತ್ತಿದ್ದವು. ಅಂದು ನಾನು ಎಳೆದದ್ದು ಎರಡೇ ಗೀಟು.

ಸಾಹುಕಾರರು ಒಂದು ಬಟ್ಟಲನ್ನೆತ್ತಿ ಉಂಗುರದಿಂದ ತಟ್ಟಿ, ನಾದ ಆರುವವರೆಗೂ ಕಿವಿಯ ಬಳಿ ಹಿಡಿದಿದ್ದರು. “ಇಷ್ಟ್ ದಿನ ಯಾಕ್ ಹೇಳ್ಲಿಲ್ರೀ?”

“ನಂಗೂ ಜರ್ಮನಿಗ್ ಬರ್ದಂಗೆ ಒಂದ್ ಕಾಗ್ದ ಬರ್ದಿದ್ರೆ ಉತ್ರ ಕೊಡ್ತಿದ್ದೆ ಸಾಮಿ.”

ಮೊದಲು ನಕ್ಕವರು ಸಾಹುಕಾರರೇ. “ಮೂರ್ತಿ, ಆ ಇಬ್ರಿಗೂ ಬ್ಯಾಡ ಅಂತ ಬರೀರಿ. ಈ ಆರು ಮಂದಿನೇ ಸಾಕು.” ಐವರೂ ಒಟ್ಟಿಗೇ ಉಸಿರುಬಿಟ್ಟದ್ದು ನನಗೆ ಕೇಳಿಸಿತು, ಆರನೆಯ ಉಸಿರು ನನ್ನದೇ ಆಗಿತ್ತು. ಮೇಜಿಗೆ ಮರಳಿ, ಆ ನುಣುಪು ಕಾಗದಕ್ಕೆ ನಿಶ್ಚಿಂತೆಯಿಂದ ರಂಧ್ರ ಕೊರೆದು ಕಡತಕ್ಕೆ ಪೋಣಿಸಿದೆ.

ಮುಂದಿನ ತಿಂಗಳು ನನ್ನ ಸೈಕಲ್ಲಿಗೆ ಹೊಸ ಗಂಟೆ ಬಂತು. ಸಂಜೆ ಹೊಸಹಳ್ಳಿಯ ದಾರಿಯಲ್ಲಿ ಬಾರಿಸಿದೆ. ಎಮ್ಮೆಗಳು ಸರಿದವು, ಜನ ಸರಿದರು. ಪಂಕ್ಚರಾದ ಸೈಕಲ್ಲನ್ನು ತಳ್ಳುತ್ತ ನಟ್ಟನಡುವೆ ಹೋಗುತ್ತಿದ್ದ ಒಬ್ಬರು ಮಾತ್ರ ಸರಿಯದೆ ನಿಂತುಬಿಟ್ಟರು. ಮುನಿಯಪ್ಪನವರು.

“ಇನ್ನೊಂದ್ ಸಲ ಹೊಡೀರಿ,” ಎಂದರು, ಹಿಂತಿರುಗಿ ನೋಡದೆ.

ಹೊಡೆದೆ. ನಾದ ಪೂರ್ತಿ ಆರಿದ ಮೇಲೆ ಅವರು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.